ಕೊರೊನೇಷನ್ ಸ್ಟ್ರೀಟ್: 10,000 ಕಂತುಗಳ ಲೆಕ್ಕದಲ್ಲಿ ಹೊರಗುಳಿದ 2,600

ಬ್ರಿಟನ್ನಿನ ಐಟಿವಿ ವಾಹಿನಿಯ ‘ಕೊರೊನೇಷನ್ ಸ್ಟ್ರೀಟ್’ ಧಾರಾವಾಹಿಯ 10,000ನೇ ಕಂತು ಪ್ರಸಾರವಾದದ್ದು 2020ರ ಫೆಬ್ರವರಿ 7ರಂದು. ಮೊದಲ ಕಂತು 1960ರ ಡಿಸೆಂಬರ್ 9ರದು. ನಡುವಿನ 59 ವರ್ಷ 2 ತಿಂಗಳಿಗೆ ಹಂಚಿದರೆ ವರ್ಷಕ್ಕೆ ಸರಾಸರಿ 169 ಕಂತು, ವಾರಕ್ಕೆ 3.25. ಹಳೆಯ ಕಂತುಗಳನ್ನು ಕ್ರಮವಾಗಿ ಮತ್ತೆ ತೋರಿಸಲು ಐಟಿವಿ3 ವಾಹಿನಿ 2017ರಲ್ಲಿ ಆರಂಭಿಸಿದ ಸರಣಿ 1986ರ ಜನವರಿಯ ಕಂತುಗಳಿಂದ ಶುರುವಾಯಿತು. ಅದಕ್ಕೆ ಮುಂಚಿನ 25 ವರ್ಷಗಳ ಸುಮಾರು 2,600 ಕಂತುಗಳು ಆ ಸರಣಿಯ ಹೊರಗೆ ಉಳಿದಿವೆ. 10,000ಕ್ಕೆ ಹೋಲಿಸಿದರೆ ಇದು ಶೇ 26. ಈ ಶೇ 26ರಲ್ಲಿ ಏನಿದೆ, ಅದು ಹೇಗೆ ಉಳಿಯಿತು, ಅದನ್ನು ಜನರ ಮುಂದಿಡಲು ಎಷ್ಟು ಕಾಲ, ಎಷ್ಟು ಜಾಗ ಬೇಕು ಎಂಬುದನ್ನು ಇಲ್ಲಿ ಲೆಕ್ಕ ಹಾಕಲಾಗಿದೆ.

ವಾರಕ್ಕೆ 2ರಿಂದ 6ರವರೆಗೆ

ಟೋನಿ ವಾರನ್ ರೂಪಿಸಿದ ಈ ಕಥೆಗೆ ಮ್ಯಾಂಚೆಸ್ಟರಿನ ಗ್ರಾನಡಾ ಟೆಲಿವಿಷನ್ ಕಂಪನಿ ಮೊದಲು ಒಪ್ಪಿಗೆ ಕೊಟ್ಟದ್ದು 13 ಕಂತುಗಳಿಗೆ. ವಾರಕ್ಕೆ 2 ಕಂತಿನಂತೆ ಅದು ಆರೂವರೆ ವಾರದ ಕೆಲಸ. ಸಾಲ್‌ಫರ್ಡ್ ಪಟ್ಟಣದ ಮಾದರಿಯಲ್ಲಿ ಕಲ್ಪಿಸಿದ ‘ವೆದರ್‌ಫೀಲ್ಡ್’ ಎಂಬ ಊರಿನ ಒಂದು ಬೀದಿ, ಅಲ್ಲಿನ ಕಾರ್ಮಿಕ ಕುಟುಂಬಗಳು, ಒಂದು ಪಬ್ಬು: ಇಷ್ಟೇ ಕಥೆಯ ಆವರಣ. ಆ 13 ಕಂತುಗಳು ಇಂದು 10,000ದಲ್ಲಿ ಶೇ 0.13.

ಮೊದಲ 29 ವರ್ಷ ವಾರದ ಪ್ರಮಾಣ ಬದಲಾಗಲಿಲ್ಲ. ವಾರಕ್ಕೆ 2, ವರ್ಷಕ್ಕೆ 104. 1989ರ ಅಕ್ಟೋಬರ್ 20ರಂದು ಮೂರನೆಯ ಕಂತು ಸೇರಿತು. ವರ್ಷದ ಮೊತ್ತ 156ಕ್ಕೆ ಏರಿತು, ಹೆಚ್ಚಳ ಶೇ 50. 1996ರ ನವೆಂಬರಿನಲ್ಲಿ ನಾಲ್ಕನೆಯದು ಬಂದು ಮೊತ್ತ 208 ಆಯಿತು. 2002ರಲ್ಲಿ ಐದನೆಯದು ಬಂದು 260, 2017ರ ಸೆಪ್ಟೆಂಬರಿನಲ್ಲಿ ಆರನೆಯದು ಬಂದು 312. 28 ವರ್ಷಗಳಲ್ಲಿ ಉತ್ಪಾದನೆ 3 ಪಟ್ಟಾಯಿತು.

ಇದರ ಪರಿಣಾಮ 5,000ದ ಗುರುತಿನಲ್ಲಿ ಕಾಣುತ್ತದೆ. ಮೊದಲ 5,000 ಕಂತುಗಳಿಗೆ ಸುಮಾರು 40 ವರ್ಷ ಹಿಡಿಯಿತು. ನಂತರದ 5,000 ಕಂತುಗಳು ಸುಮಾರು 19 ವರ್ಷಗಳಲ್ಲಿ ತಯಾರಾದವು. ಧಾರಾವಾಹಿಯ ಆಯುಷ್ಯದ ಮೂರನೇ ಎರಡು ಭಾಗ, ಕಂತುಗಳ ಲೆಕ್ಕದಲ್ಲಿ ಅರ್ಧ ಮಾತ್ರ. ಹಳೆಯ ಕಾಲದ ಒಂದು ಕಂತು ಕಥೆಯ ಹೆಚ್ಚು ದಿನಗಳನ್ನು ಹೊತ್ತಿದೆ ಎಂಬುದು ಈ ಅಂಕಿಯ ಅರ್ಥ.

ಏರಿಕೆ ಈಗ ಇಳಿಕೆಗೆ ತಿರುಗಿದೆ. 2026ರ ಜನವರಿಯಿಂದ ‘ಕೊರೊನೇಷನ್ ಸ್ಟ್ರೀಟ್’ ಮತ್ತು ತನ್ನ ಇನ್ನೊಂದು ಧಾರಾವಾಹಿ ‘ಎಮ್ಮರ್‌ಡೇಲ್’ ಎರಡನ್ನೂ ವಾರಕ್ಕೆ ಅರ್ಧ ಗಂಟೆಯ 5 ಕಂತುಗಳಿಗೆ ಇಳಿಸುವುದಾಗಿ ಐಟಿವಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ‘ಕೊರೊನೇಷನ್ ಸ್ಟ್ರೀಟ್’ ಮಟ್ಟಿಗೆ ಇದು ವರ್ಷಕ್ಕೆ 312ರಿಂದ 260ಕ್ಕೆ ಇಳಿತ, ಶೇ 16.7ರಷ್ಟು ಕಡಿತ. 2020ರ ಕೋವಿಡ್ ಕಾಲದ ತಾತ್ಕಾಲಿಕ ಕಡಿತವನ್ನು ಬಿಟ್ಟರೆ, 1960ರಿಂದ ಈಚೆಗೆ ವಾರದ ಕಂತುಗಳನ್ನು ಸೇರಿಸುತ್ತಲೇ ಬಂದಿದ್ದ ಧಾರಾವಾಹಿಗೆ ಇದು ಹೊಸ ದಿಕ್ಕು.

ಉಳಿದದ್ದು ಮತ್ತು ಅಳಿಸಿಹೋದದ್ದು

ಐಟಿವಿಯ ಸಂಗ್ರಹದಲ್ಲಿ ‘ಕೊರೊನೇಷನ್ ಸ್ಟ್ರೀಟ್’ ಮೊದಲ ಕಂತಿನಿಂದಲೂ ಪೂರ್ತಿಯಾಗಿ ಉಳಿದಿದೆ. ಅದೇ ಕಾಲದ ಬಿಬಿಸಿ ಧಾರಾವಾಹಿಗಳ ಲೆಕ್ಕ ಬೇರೆ. ಪತ್ರಿಕಾ ಕಚೇರಿಯೊಂದರ ಕಥೆಯಾದ ‘ಕಾಂಪ್ಯಾಕ್ಟ್’ 1962ರಿಂದ 1965ರವರೆಗೆ 373 ಕಂತು ನಡೆಯಿತು. ಉಳಿದದ್ದು 4, ಶೇ 1.1. ಫುಟ್‌ಬಾಲ್ ಕ್ಲಬ್ಬಿನ ಕಥೆಯಾದ ‘ಯುನೈಟೆಡ್!’ 1965ರಿಂದ 1967ರವರೆಗೆ 147 ಕಂತು ನಡೆಯಿತು, ಉಳಿದದ್ದು ಸೊನ್ನೆ. ಎರಡೂ ಸೇರಿ 520ರಲ್ಲಿ 4.

ಅಳಿಸಿದ್ದಕ್ಕೆ ಮುಖ್ಯ ಕಾರಣ ಟೇಪಿನ ಬೆಲೆ. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಮಾರುಕಟ್ಟೆಗೆ ತಂದ ವಿಡಿಯೊ ಟೇಪು 2 ಇಂಚು ಅಗಲದ್ದು; ಸೆಕೆಂಡಿಗೆ ಸುಮಾರು 15 ಇಂಚಿನಂತೆ ಓಡುತ್ತಿತ್ತು. ಒಂದು ಗಂಟೆಯ ಸುರುಳಿಗೆ ಸುಮಾರು 300 ಡಾಲರ್. ಡಾಲರಿಗೆ ₹4.76 ಇದ್ದ ಆ ಕಾಲದ ದರದಲ್ಲಿ ಅದು ₹1,428. ಅದೇ ಸುರುಳಿಯನ್ನು ಅಳಿಸಿ 10 ಸಲ ಬಳಸಿದರೆ ಗಂಟೆಯ ಖರ್ಚು 30 ಡಾಲರಿಗೆ ಇಳಿಯುತ್ತಿತ್ತು, ಉಳಿತಾಯ ಶೇ 90. ಪ್ರಸಾರ ಸಂಸ್ಥೆಗಳು ಆ ಉಳಿತಾಯವನ್ನು ಆರಿಸಿಕೊಂಡವು. ಮರುಪ್ರಸಾರದ ಮೇಲೆ ಕಲಾವಿದರ ಒಪ್ಪಂದಗಳು ಹಾಕಿದ್ದ ಮಿತಿಯಿಂದಾಗಿ, ಒಮ್ಮೆ ತೋರಿಸಿದ ಕಂತಿಗೆ ಮತ್ತೆ ಬೆಲೆ ಬರುತ್ತದೆ ಎಂಬ ನಿರೀಕ್ಷೆಯೂ ಇರಲಿಲ್ಲ.

ಎಲ್ಲವನ್ನೂ ಟೇಪಿನಲ್ಲೇ ಉಳಿಸಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕವನ್ನೂ ಹಾಕಬಹುದು. 1986ಕ್ಕೆ ಮುಂಚಿನ 2,600 ಕಂತುಗಳೆಂದರೆ ಕಂತಿಗೆ ಅರ್ಧ ಗಂಟೆಯ ಲೆಕ್ಕದಲ್ಲಿ 1,300 ಗಂಟೆ. ಎಲ್ಲವನ್ನೂ 1956ರ ಬೆಲೆಯ ಟೇಪಿನಲ್ಲಿ ಅಳಿಸದೆ ಇಟ್ಟಿದ್ದರೆ 3,90,000 ಡಾಲರ್, ಪೌಂಡಿಗೆ 2.80 ಡಾಲರ್ ಇದ್ದ ದರದಲ್ಲಿ £1,39,286. 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ £5,571, ಕಂತಿಗೆ £53.6. ‘ಕಾಂಪ್ಯಾಕ್ಟ್’ ಧಾರಾವಾಹಿಯ 369 ಕಂತುಗಳು ಕಳೆದುಹೋದದ್ದು ಇಂತಹ ಮೊತ್ತಗಳನ್ನು ಉಳಿಸುವ ಲೆಕ್ಕಾಚಾರದಲ್ಲಿ.

ಟೇಪಿನ ಉದ್ದವೂ ಒಂದು ಅಳತೆ. ಅರ್ಧ ಗಂಟೆಗೆ 27,000 ಇಂಚು, ಅಂದರೆ 686 ಮೀಟರ್. 2,600 ಕಂತುಗಳಿಗೆ 1,783 ಕಿ.ಮೀ. ಗ್ರಾನಡಾದ ಮೊದಲ ದಶಕದ ಕಂತುಗಳು ಬಹುಪಾಲು ಉಳಿದದ್ದು ಟೇಪಿನಲ್ಲಿ ಅಲ್ಲ, ಫಿಲ್ಮಿನಲ್ಲಿ. ಟಿವಿ ಪರದೆಯ ಮೇಲಿನ ಚಿತ್ರವನ್ನು ಸಿನಿಮಾ ಕ್ಯಾಮೆರಾದಿಂದ ಸೆರೆಹಿಡಿಯುವ ಈ ವಿಧಾನಕ್ಕೆ ಟೆಲಿರೆಕಾರ್ಡಿಂಗ್ ಎಂದು ಹೆಸರು. ಫಿಲ್ಮನ್ನು ಟೇಪಿನಂತೆ ಅಳಿಸಿ ಮತ್ತೆ ಬಳಸಲು ಬರುವುದಿಲ್ಲ. ಉಳಿವಿಗೆ ಅದೂ ನೆರವಾಯಿತು.

ಬಿಬಿಸಿ ತನ್ನ ಫಿಲ್ಮ್ ಮತ್ತು ವಿಡಿಯೊ ಟೇಪುಗಳಿಗೆ ಕ್ರಮಬದ್ಧ ಸಂಗ್ರಹಾಲಯ ಕಟ್ಟಿದ್ದು 1978ರಲ್ಲಿ. ಅಷ್ಟರಲ್ಲಿ ‘ಡಾಕ್ಟರ್ ಹೂ’ ಸರಣಿಯ ಮೊದಲ 6 ವರ್ಷಗಳ 253 ಕಂತುಗಳಲ್ಲಿ ಹಲವು ಅಳಿಸಿಹೋಗಿದ್ದವು. 2013ರಲ್ಲಿ ನೈಜೀರಿಯಾದಲ್ಲಿ 9 ಕಂತುಗಳು ಸಿಕ್ಕಾಗ ಕೊರತೆ 106ರಿಂದ 97ಕ್ಕೆ ಇಳಿಯಿತು. ಆಗಲೂ ಶೇ 38.3 ಇಲ್ಲ. ಇಂತಹ ಹುಡುಕಾಟದ ಫಲವನ್ನು ಜನರಿಗೆ ತೋರಿಸುವ ‘ಮಿಸ್ಸಿಂಗ್ ಬಿಲೀವ್ಡ್ ವೈಪ್ಡ್’ ಕಾರ್ಯಕ್ರಮವನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1993ರಿಂದ ನಡೆಸುತ್ತಿದೆ. ‘ಕೊರೊನೇಷನ್ ಸ್ಟ್ರೀಟ್’ ಅಭಿಮಾನಿಗಳಿಗೆ ಹುಡುಕುವ ಕೆಲಸವಿಲ್ಲ. ಕಂತುಗಳು ಎಲ್ಲಿವೆ ಎಂಬುದು ಗೊತ್ತಿದೆ. ಅವರ ಬೇಡಿಕೆ ತೋರಿಸಿ ಎಂಬುದಷ್ಟೇ.

ಮರುಪ್ರಸಾರದ ವೇಗ

ಐಟಿವಿ3ರ ಸರಣಿ 2017ರ ಅಕ್ಟೋಬರ್ 2ರಂದು ವಾರದ 5 ದಿನ, ದಿನಕ್ಕೆ 2 ಕಂತಿನಂತೆ ಶುರುವಾಯಿತು. ವಾರಕ್ಕೆ 10, ವರ್ಷಕ್ಕೆ 520. 1986ರ ಕಂತುಗಳು ಮೂಲದಲ್ಲಿ ವಾರಕ್ಕೆ 2ರಂತೆ ಬಂದವು. ಮರುಪ್ರಸಾರದ ವೇಗ ಅದರ 5 ಪಟ್ಟು. 1986ರ ಜನವರಿಯಿಂದ 1989ರ ಅಕ್ಟೋಬರ್‌ವರೆಗಿನ 3 ವರ್ಷ 9 ತಿಂಗಳ ಕಥೆ ಸುಮಾರು 390 ಕಂತು. ಅದನ್ನು 39 ವಾರದಲ್ಲಿ ನೋಡಿ ಮುಗಿಸಬಹುದು.

ಮುಂದಕ್ಕೆ ಹೋದಂತೆ ಈ ವೇಗ ಕುಗ್ಗುತ್ತದೆ. ಮೂಲದಲ್ಲಿ ವಾರಕ್ಕೆ 3 ಇದ್ದ ಅವಧಿಗೆ ಬಂದಾಗ ಅನುಪಾತ 3.3 ಪಟ್ಟು, 4 ಇದ್ದ ಅವಧಿಯಲ್ಲಿ 2.5, 5 ಇದ್ದ ಅವಧಿಯಲ್ಲಿ 2. 2002ರ ನಂತರದ 3 ವರ್ಷ 9 ತಿಂಗಳ ಕಥೆಗೆ 975 ಕಂತು, 97.5 ವಾರ ಬೇಕು. ಅಷ್ಟೇ ಕಾಲದ ಕಥೆಗೆ ಪ್ರೇಕ್ಷಕ ಕೊಡಬೇಕಾದ ಸಮಯ 2.5 ಪಟ್ಟು. ವೇಳಾಪಟ್ಟಿಯ ದೃಷ್ಟಿಯಿಂದ ಅತಿ ಕಡಿಮೆ ಜಾಗದಲ್ಲಿ ಅತಿ ಹೆಚ್ಚು ವರ್ಷಗಳನ್ನು ಕೊಡುವ ಭಾಗ 1989ಕ್ಕೆ ಮುಂಚಿನದು.

ಆರಂಭದ ವರ್ಷವನ್ನು ಉಳಿದ ಧಾರಾವಾಹಿಗಳೊಂದಿಗೆ ಹೋಲಿಸಿ ನೋಡಬೇಕು. 1985ರ ಫೆಬ್ರವರಿ 19ರಂದು ಬಿಬಿಸಿಯಲ್ಲಿ ಶುರುವಾದ ‘ಈಸ್ಟ್‌ಎಂಡರ್ಸ್’ ಕಂತುಗಳನ್ನು ಡ್ರಾಮಾ ವಾಹಿನಿ 2018ರ ಆಗಸ್ಟ್ 6ರಿಂದ ಮೊದಲನೆಯದರಿಂದಲೇ ತೋರಿಸತೊಡಗಿತು. ಆರಂಭದಲ್ಲಿ ಬಿಟ್ಟ ವರ್ಷಗಳು ಸೊನ್ನೆ. 1972ರಲ್ಲಿ ಶುರುವಾದ ‘ಎಮ್ಮರ್‌ಡೇಲ್’ ಕಂತುಗಳನ್ನು ಐಟಿವಿ3 2019ರಲ್ಲಿ 1989ರಿಂದ ಕೈಗೆತ್ತಿಕೊಂಡಿತು. ಬಿಟ್ಟದ್ದು 17 ವರ್ಷ. ‘ಕೊರೊನೇಷನ್ ಸ್ಟ್ರೀಟ್’ ಬಿಟ್ಟದ್ದು 25 ವರ್ಷ. ಮೂರರಲ್ಲಿ ಅತಿ ಹಳೆಯದಕ್ಕೇ ಅತಿ ದೊಡ್ಡ ಕತ್ತರಿ ಬಿದ್ದಿದೆ.

ಹಿಂದೆ ಒಂದು ಪ್ರಯತ್ನ ನಡೆದಿತ್ತು. 1996ರಲ್ಲಿ ಆರಂಭವಾದ ಗ್ರಾನಡಾ ಪ್ಲಸ್ ವಾಹಿನಿ 1976ರ ಕಂತುಗಳಿಂದ ಮರುಪ್ರಸಾರ ಮಾಡಿತು. 2004ರಲ್ಲಿ ವಾಹಿನಿಯೇ ಮುಚ್ಚಿತು. ಆಗಲೂ ಹೊರಗುಳಿದದ್ದು 1960ರಿಂದ 1975ರವರೆಗಿನ 15 ವರ್ಷ, ಸುಮಾರು 1,560 ಕಂತು. ಈ ಅವಧಿಯ ಆಯ್ದ ಕಂತುಗಳು ಡಿವಿಡಿಯಲ್ಲಿ ಬಂದಿವೆ. ಆದರೆ ಧಾರಾವಾಹಿಯ ಕಥೆ ಒಂದು ಕಂತಿನಿಂದ ಮುಂದಿನ ಕಂತಿಗೆ ಹರಿಯುತ್ತದೆ. ವರ್ಷದ 104ರಲ್ಲಿ ಬೆರಳೆಣಿಕೆಯಷ್ಟನ್ನು ಆರಿಸಿದರೆ ಆ ಹರಿವು ಸಿಗುವುದಿಲ್ಲ.

ಹೊರಗುಳಿದ ಭಾಗದಲ್ಲಿ ಇರುವುದು

ಹಳೆಯ ಕಂತುಗಳ ಬಗ್ಗೆ ಅಭಿಮಾನಿಗಳು ಮಾತಿಗೆ ಕೂತಾಗ ಮೊದಲು ಬರುವ ಹೆಸರುಗಳು ಮೂರು: ಈನಾ ಶಾರ್ಪಲ್ಸ್, ಆನಿ ವಾಕರ್, ಎಲ್ಸಿ ಟ್ಯಾನರ್. ಮೂರೂ ಪಾತ್ರಗಳು 1960ರಲ್ಲೇ ಬಂದವು. ಈನಾ ಪಾತ್ರದ ವಯೊಲೆಟ್ ಕಾರ್ಸನ್ 1980ರಲ್ಲಿ, ಆನಿ ಪಾತ್ರದ ಡೋರಿಸ್ ಸ್ಪೀಡ್ 1983ರಲ್ಲಿ, ಎಲ್ಸಿ ಪಾತ್ರದ ಪ್ಯಾಟ್ ಫೀನಿಕ್ಸ್ 1984ರಲ್ಲಿ ಕೊನೆಯ ಬಾರಿ ಕಾಣಿಸಿಕೊಂಡರು. 1986ರಿಂದ ಆರಂಭವಾದ ಮರುಪ್ರಸಾರದಲ್ಲಿ ಈ ಮೂವರಿಗೆ ಸಿಕ್ಕ ಜಾಗ ಸೊನ್ನೆ.

ನಾಲ್ಕನೆಯ ಹೆಸರು ಹಿಲ್ಡಾ ಆಗ್ಡನ್. ಜೀನ್ ಅಲೆಕ್ಸಾಂಡರ್ ಈ ಪಾತ್ರವನ್ನು 1964ರಿಂದ 1987ರವರೆಗೆ ಸುಮಾರು 23 ವರ್ಷ ನಿರ್ವಹಿಸಿದರು. ಮರುಪ್ರಸಾರದಲ್ಲಿ ಬಂದದ್ದು ಕೊನೆಯ 2 ವರ್ಷ, ಶೇ 9. ಪಾತ್ರದ ವಿದಾಯವನ್ನು ಹೊಸ ಪ್ರೇಕ್ಷಕರು ನೋಡಿದ್ದಾರೆ. ಆ ವಿದಾಯಕ್ಕೆ ತೂಕ ಕೊಟ್ಟ ಶೇ 91ರಷ್ಟು ಬದುಕನ್ನು ಕ್ರಮವಾಗಿ ನೋಡುವ ಅವಕಾಶ ಅವರಿಗೆ ಈ ಸರಣಿಯಲ್ಲಿ ಸಿಕ್ಕಿಲ್ಲ.

ಬರವಣಿಗೆಯ ಲೆಕ್ಕವೂ ಹೀಗೆಯೇ. ಮುಂದೆ ಬ್ರಿಟನ್ನಿನ ಪ್ರಮುಖ ಟಿವಿ ನಾಟಕಕಾರರಲ್ಲಿ ಒಬ್ಬರಾದ ಜ್ಯಾಕ್ ರೋಸೆಂತಾಲ್ ಈ ಧಾರಾವಾಹಿಗೆ 129 ಕಂತು ಬರೆದರು. ಅವೆಲ್ಲ 1960ರ ದಶಕದವು; 129ರಲ್ಲಿ ಐಟಿವಿ3ರ ಸರಣಿಗೆ ಬಂದದ್ದು ಒಂದೂ ಇಲ್ಲ. ಧಾರಾವಾಹಿಯ ಮೊದಲ ಲೇಖಕಿ ಆಡೆಲ್ ರೋಸ್ 1961ರಿಂದ 1998ರವರೆಗೆ 457 ಕಂತು ಬರೆದರು. ಅವರ 37 ವರ್ಷಗಳ ಬರವಣಿಗೆಯಲ್ಲಿ 25 ವರ್ಷ ಹೊರಗುಳಿದ ಭಾಗಕ್ಕೆ ಸೇರುತ್ತದೆ.

ಇನ್ನೊಂದು ಲೆಕ್ಕ ಹಣದ್ದು. ಬ್ರಿಟನ್ 1971ರ ಫೆಬ್ರವರಿ 15ರವರೆಗೆ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್ ಎಂಬ ಹಳೆಯ ಪದ್ಧತಿ ಬಳಸುತ್ತಿತ್ತು. ಪೌಂಡಿಗೆ 240 ಪೆನ್ಸ್. ಆ ದಿನದವರೆಗೆ ಪ್ರಸಾರವಾದ ಕಂತುಗಳು ಸುಮಾರು 1,050. ಬಾಡಿಗೆ, ಸಂಬಳ, ಪಬ್ಬಿನ ಬಿಲ್ಲು, ಅಂಗಡಿಯ ಸಾಲಗಳನ್ನು ಜನ ಆ ನಾಣ್ಯದಲ್ಲಿ ಹೇಗೆ ಮಾತಾಡುತ್ತಿದ್ದರು ಎಂಬುದಕ್ಕೆ ಉತ್ತರ ಇಂಗ್ಲೆಂಡಿನ ಕಾರ್ಮಿಕ ಬೀದಿಯ ಕಥೆ ಹೇಳುವ ಈ 1,050 ಕಂತುಗಳಲ್ಲಿ ವಾರಕ್ಕೆ ಎರಡರಂತೆ ಸಿಗುತ್ತದೆ.

ಪ್ರೇಕ್ಷಕರ ವಯಸ್ಸನ್ನೂ ಗಮನಿಸಬೇಕು. 1986ರ ಜನವರಿಯಲ್ಲಿ ಹುಟ್ಟಿದವರಿಗೆ 2026ರ ಜನವರಿಗೆ 40 ತುಂಬಿದೆ. 40ರ ಒಳಗಿನ ಯಾವ ಅಭಿಮಾನಿಯೂ ಈ 2,600 ಕಂತುಗಳನ್ನು ಮೊದಲ ಪ್ರಸಾರದಲ್ಲಿ ಕಂಡಿರಲು ಸಾಧ್ಯವಿಲ್ಲ. 1960ರಲ್ಲಿ 10 ವರ್ಷದವರಾಗಿದ್ದವರಿಗೆ ಈಗ 75 ದಾಟಿದೆ. ಮೊದಲ ವರ್ಷಗಳನ್ನು ಕಣ್ಣಾರೆ ಕಂಡವರು ಮತ್ತು ಈಗ ನೋಡಬಯಸುವವರು ಒಟ್ಟಿಗೆ ಕೂತು ಮಾತಾಡಬಹುದಾದ ವರ್ಷಗಳು ಕಡಿಮೆಯಾಗುತ್ತಿವೆ.

ನೋಡುಗರ ಸಂಖ್ಯೆ

‘ಈಸ್ಟ್‌ಎಂಡರ್ಸ್’ ಧಾರಾವಾಹಿಯ 1986ರ ಕ್ರಿಸ್‌ಮಸ್ ಕಂತಿಗೆ, ಅದೇ ವಾರದ ಮರುಪ್ರಸಾರವನ್ನೂ ಸೇರಿಸಿ, 3 ಕೋಟಿ 1.5 ಲಕ್ಷ ವೀಕ್ಷಕರು ದಾಖಲಾದರು. ಸುಮಾರು 5.67 ಕೋಟಿ ಜನಸಂಖ್ಯೆಯ ದೇಶದಲ್ಲಿ ಅದು ಶೇ 53. ಮರುವರ್ಷದ ಕ್ರಿಸ್‌ಮಸ್ ದಿನ ಹಿಲ್ಡಾ ಆಗ್ಡನ್ ಬೀದಿ ಬಿಟ್ಟು ಹೊರಟ ‘ಕೊರೊನೇಷನ್ ಸ್ಟ್ರೀಟ್’ ಕಂತಿನ ದಾಖಲೆ 2 ಕೋಟಿ 66.5 ಲಕ್ಷ, ಸುಮಾರು ಶೇ 47. ಆಗ ದೇಶದಲ್ಲಿದ್ದ ಪ್ರಮುಖ ವಾಹಿನಿಗಳು 4.

2010ರ ಡಿಸೆಂಬರ್ 9ರಂದು 50ನೇ ವಾರ್ಷಿಕೋತ್ಸವಕ್ಕೆ ನೇರ ಪ್ರಸಾರವಾದ ‘ಕೊರೊನೇಷನ್ ಸ್ಟ್ರೀಟ್’ ಕಂತನ್ನು ಸುಮಾರು 1.4 ಕೋಟಿ ಜನ ನೋಡಿದರು. ಜನಸಂಖ್ಯೆಯ ಶೇ 22. 23 ವರ್ಷಗಳಲ್ಲಿ ಗರಿಷ್ಠ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ವಾರದ ಕಂತುಗಳು 2ರಿಂದ 5ಕ್ಕೆ ಏರಿದ್ದವು. ವಾಹಿನಿಗಳು ಹೆಚ್ಚಿದ್ದರಿಂದ ನೋಟ ಹಂಚಿಹೋಯಿತು. ಕಂತುಗಳ ಹೆಚ್ಚಳ ಅದನ್ನು ತಡೆಯಲಿಲ್ಲ.

ತೆರೆಯಲು ಬೇಕಾದದ್ದು

ಜಾಗದ ಲೆಕ್ಕದಿಂದ ಶುರು ಮಾಡೋಣ. ಪ್ರಸಾರ ಗುಣಮಟ್ಟದ ಹಳೆಯ ಅಳತೆಯ ವಿಡಿಯೊಗೆ ಸೆಕೆಂಡಿಗೆ 50 ಮೆಗಾಬಿಟ್ ದತ್ತಾಂಶ ಎಂದು ಹಿಡಿದರೆ, 25 ನಿಮಿಷದ ಕಂತಿಗೆ 9.4 ಗಿಗಾಬೈಟ್. 2,600 ಕಂತುಗಳಿಗೆ 24.4 ಟೆರಾಬೈಟ್. ಒಂದು ಟೆರಾಬೈಟ್ ಎಂದರೆ 1,000 ಗಿಗಾಬೈಟ್. 24 ಟೆರಾಬೈಟ್ ಹಿಡಿಯುವ ಹಾರ್ಡ್‌ಡಿಸ್ಕ್ ಮಾರುಕಟ್ಟೆಯಲ್ಲಿದೆ. 2 ಡಿಸ್ಕು ಸಾಕು, ಕಾಪು ಪ್ರತಿಯೂ ಸೇರಿದರೆ 4. ಟೇಪಿನಲ್ಲಿ 1,783 ಕಿ.ಮೀ. ಆಗುತ್ತಿದ್ದ ಸಂಗ್ರಹ ಈಗ ಒಂದು ಮೇಜಿನ ಖಾನೆಯಲ್ಲಿ ಹಿಡಿಯುತ್ತದೆ.

ಖರ್ಚು ಬೇರೆ ಕಡೆ ಇದೆ. ಫಿಲ್ಮನ್ನು ಶುಚಿಮಾಡಿ ಸ್ಕ್ಯಾನ್ ಮಾಡಬೇಕು. ಮರುಪ್ರಸಾರಕ್ಕೆ ನಟರು, ಲೇಖಕರು ಅಥವಾ ಅವರ ವಾರಸುದಾರರಿಗೆ ಒಪ್ಪಂದದಂತೆ ಸಂಭಾವನೆ ಸಲ್ಲಬೇಕು. ಬಳಸಿದ ಹಾಡುಗಳ ಹಕ್ಕು ಪಡೆಯಬೇಕು. 1969ರ ನವೆಂಬರಿನಲ್ಲಿ ಬಣ್ಣ ಬರುವ ಮುಂಚಿನ 900ಕ್ಕೂ ಹೆಚ್ಚು ಕಂತುಗಳು ಕಪ್ಪು-ಬಿಳುಪು. ಹೊರಗುಳಿದ ಭಾಗದ ಸುಮಾರು ಶೇ 35. ಉಳಿದ ಶೇ 65 ಬಹುಮಟ್ಟಿಗೆ ಬಣ್ಣದಲ್ಲಿದೆ. ಕಪ್ಪು-ಬಿಳುಪಿಗೆ ಜಾಹೀರಾತು ಕಡಿಮೆ ಎಂಬ ವಾದವನ್ನು ಒಪ್ಪಿದರೂ, ಸುಮಾರು 1,700 ಕಂತುಗಳಿಗೆ ಅದು ಅನ್ವಯಿಸದು.

ಧಾರಾವಾಹಿಗಳ ಮೇಲೆ ಎಷ್ಟು ಹಣ ಹರಿಯುತ್ತದೆ ಎಂಬುದಕ್ಕೆ ಒಂದು ಸಾರ್ವಜನಿಕ ದಾಖಲೆ ಇದೆ. ‘ಈಸ್ಟ್‌ಎಂಡರ್ಸ್’ ಚಿತ್ರೀಕರಣದ ಹೊಸ ಸೆಟ್ಟಿಗೆ 2015ರಲ್ಲಿ £5.97 ಕೋಟಿ ಅಂದಾಜಾಗಿತ್ತು. 2018ರ ಡಿಸೆಂಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಕೊಟ್ಟ ವರದಿಯಲ್ಲಿ ಅದು £8.67 ಕೋಟಿ, ಏರಿಕೆ £2.7 ಕೋಟಿ, ಶೇ 45. ಪೌಂಡಿಗೆ ₹115 ಎಂದು ಹಿಡಿದರೆ ಒಟ್ಟು ಸುಮಾರು ₹997 ಕೋಟಿ. ಹೆಚ್ಚಾದ £2.7 ಕೋಟಿಯನ್ನಷ್ಟೇ 2,600ರಿಂದ ಭಾಗಿಸಿದರೆ ಕಂತಿಗೆ £10,385 ಬರುತ್ತದೆ. ಬಿಬಿಸಿ ಮತ್ತು ಐಟಿವಿಯ ಹಣ ಬೇರೆ ಬೇರೆ. ಈ ಹೋಲಿಕೆ ಪ್ರಮಾಣ ತಿಳಿಯಲು ಮಾತ್ರ. ಹೊಸ ಗೋಡೆಗಳಿಗೆ ಇಂತಹ ಮೊತ್ತ ದೊರೆಯುವ ಉದ್ಯಮದಲ್ಲಿ ಹಳೆಯ ಕಂತಿಗೆ ಹಣವಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ನೋಡುವವರ ಸಮಯವೂ ಲೆಕ್ಕಕ್ಕೆ ಸೇರಬೇಕು. ಕಂತಿಗೆ 24 ನಿಮಿಷದಂತೆ 10,000 ಕಂತುಗಳು 4,000 ಗಂಟೆ. ದಿನಕ್ಕೆ ಒಂದು ಗಂಟೆ ನೋಡಿದರೆ 11 ವರ್ಷ. ಆ 11 ವರ್ಷಗಳಲ್ಲಿ ವರ್ಷಕ್ಕೆ 260ರಂತೆ 2,860 ಹೊಸ ಕಂತುಗಳು ಸೇರುತ್ತವೆ. ಅವನ್ನೂ ಹಿಡಿದು ಇಂದಿನ ದಿನಕ್ಕೆ ಬಂದು ತಲುಪಲು ಸುಮಾರು 15 ವರ್ಷ. ಮೊದಲ 2,600 ಕಂತುಗಳಿಗೆ ಬೇಕಾದದ್ದು 1,040 ಗಂಟೆ, ಅದೇ ದಿನಚರಿಯಲ್ಲಿ ಸುಮಾರು 3 ವರ್ಷ. ಮುಗಿಸಬಹುದಾದ ಭಾಗ ಇದೊಂದೇ.

ಐಟಿವಿಯ ಮುಂದೆ ಇರುವ ಲೆಕ್ಕ ಸರಳವಾಗಿದೆ. ಸಂಗ್ರಹ ಪೂರ್ತಿಯಾಗಿದೆ. ವಾರಕ್ಕೆ 10 ಕಂತು ತೋರಿಸುವ ವ್ಯವಸ್ಥೆ 2017ರಿಂದಲೇ ಇದೆ. ಹೊಸ ಕಂತುಗಳ ಉತ್ಪಾದನೆ ವರ್ಷಕ್ಕೆ 52ರಷ್ಟು ಕಡಿಮೆಯಾಗಿದೆ. ವಾರಕ್ಕೆ 10ರಂತೆ 2,600 ಕಂತುಗಳಿಗೆ 260 ವಾರ ಸಾಕು, ಒಟ್ಟು 5 ವರ್ಷ. 1960ರ ಡಿಸೆಂಬರ್ 9ರ ಕಂತಿನಲ್ಲಿ ಕೆನ್ ಬಾರ್ಲೊ ಆಗಿ ಬಂದ ವಿಲಿಯಂ ರೋಚ್ 65 ವರ್ಷಗಳ ಬಳಿಕವೂ ಅದೇ ಪಾತ್ರದಲ್ಲಿದ್ದಾರೆ. ಮೊದಲ ಕಂತುಗಳನ್ನು ಕಂಡವರೂ ಇನ್ನೂ ನಮ್ಮೊಡನಿದ್ದಾರೆ. ಐಟಿವಿ ಮೊದಲ ಕಂತಿನಿಂದ, ಒಂದನ್ನೂ ಬಿಡದೆ, ಕ್ರಮವಾಗಿ ಮರುಪ್ರಸಾರ ಆರಂಭಿಸಬೇಕು. ಅದಕ್ಕೆ ದಿನಾಂಕವನ್ನು ಈಗಲೇ ಗೊತ್ತುಮಾಡಬೇಕು.